ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಿದ ಬುಧವಾರ

ಬೆಳಿಗ್ಗೆ ಒಂಬತ್ತು ಹೊಡೆಯುವುದರೊಳಗೆ ಕಂಪ್ಯೂಟರು ಚರುನೀಯನ್ನು ಹದಿನಾಲ್ಕು ಸಲ ಪಾಸ್‌ವರ್ಡ್ ಕೇಳಿತ್ತು. ಹದಿನಾಲ್ಕು ಸಲವೂ ಅವಳು ಕೊಟ್ಟಿದ್ದಳು. ಕೊಟ್ಟ ಕೂಡಲೇ ಆ ಸಣ್ಣ ಬಿಳಿ ಚೌಕ ಮಾಯವಾಗುತ್ತಿತ್ತು. ಇನ್ನೇನು ಪತ್ರಗಳು ಇಳಿಯುತ್ತವೆ ಎಂದು ಅವಳು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದೇ ಚೌಕ, ಅದೇ ಜಾಗ, ಅದೇ ಪ್ರಶ್ನೆ. ಹನ್ನೊಂದು ವರ್ಷದಿಂದ ಈ ಶಾಲೆಯ ಕಾಗದಪತ್ರವನ್ನೆಲ್ಲ ನೋಡಿಕೊಂಡು ಬಂದ ಗುಮಾಸ್ತೆ ಅವಳು. ಅಂಥವಳನ್ನೇ ಬಾಗಿಲಲ್ಲಿ ನಿಲ್ಲಿಸಿ ‘ನೀನು ಯಾರು’ ಎಂದು ಕೇಳುವುದೆಂದರೆ!

“ನಿನ್ನಜ್ಜಿ!” ಎಂದು ಪರದೆಗೆ ಹೇಳಿ ಚರುನೀ ಹದಿನೈದನೆಯ ಸಲ ಹೊಡೆದಳು.

ಅವಳ ಬೆನ್ನ ಹಿಂದೆ ತುಕ್ತಾ ನಿಂತಿದ್ದಳು. ಮೂರನೆಯ ತರಗತಿಯ ಟೀಚರು, ಇಪ್ಪತ್ತೊಂಬತ್ತು ವರ್ಷ, ಥಾಯ್ ನಾಡಿನ ಈಶಾನ್ಯದ ರೋಯಿ ಎಟ್ ಕಡೆಯ ಹುಡುಗಿ. ಕೈಯಲ್ಲಿ ಅವಳ ವರ್ಗಾವಣೆಯ ಅರ್ಜಿ: ಏಳು ಹಾಳೆ, ಪ್ರತಿ ಹಾಳೆಯ ಕೆಳಗೆ ಹೆಡ್‌ಮಾಸ್ಟರರ ರುಜು, ಶಾಲೆಯ ಮೊಹರು, 31/1/67 ಎಂದು ದಿನಾಂಕ. ಬುದ್ಧನ ಲೆಕ್ಕದ ಎರಡು ಸಾವಿರದ ಐನೂರ ಅರವತ್ತೇಳನೆಯ ಇಸವಿಯನ್ನು ಯಾರೂ ಪೂರ್ತಿ ಬರೆಯುವುದಿಲ್ಲ, ಅರವತ್ತೇಳು ಎಂದರೆ ಸಾಕು. ಆ ಅರ್ಜಿ ಶಾಲೆಯ ಸ್ವಂತ ಇ-ಮೇಲಿನಿಂದಲೇ, ಇವತ್ತು ಸಂಜೆ ನಾಲ್ಕೂವರೆಯೊಳಗೆ, ನೀರಿನಾಚೆಯ ಶಿಕ್ಷಣ ಕಚೇರಿಗೆ ತಲುಪಬೇಕಾಗಿತ್ತು. ವರ್ಷಕ್ಕೆ ಒಂದೇ ಸಲ ಕೊಡುವ ಅವಕಾಶ. ಇವತ್ತು ತಪ್ಪಿದರೆ ಬರುವ ಜನವರಿ.

ಬರುವ ಜನವರಿಯವರೆಗೆ ಕಾಯಲು ತುಕ್ತಾಳಿಂದ ಆಗುವುದಿಲ್ಲ ಎಂದು ಶಾಲೆಗೆಲ್ಲ ಗೊತ್ತಿತ್ತು. ಮಗಳು ನಿಂಗ್ ಐದು ತಿಂಗಳ ಕೂಸಾಗಿದ್ದಾಗ ಈ ದ್ವೀಪದ ಶಾಲೆಗೆ ನೇಮಕದ ಕಾಗದ ಬಂದಿತ್ತು. ಕೂಸನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಬಂದವಳು, ನಾಲ್ಕು ವರ್ಷದಲ್ಲಿ ಎಂಟು ಸಲ ಊರಿಗೆ ಹೋಗಿದ್ದಳು. ಈಗ ನಿಂಗ್ ಅಜ್ಜಿಯನ್ನೇ ಅಮ್ಮ ಎನ್ನುತ್ತಾಳೆ. ಫೋನಿನಲ್ಲಿ ತುಕ್ತಾಳ ಮುಖ ಕಂಡರೆ ಅಜ್ಜಿಯ ಬೆನ್ನ ಹಿಂದೆ ಅಡಗಿಕೊಳ್ಳುತ್ತಾಳೆ. ಮೇ ತಿಂಗಳಲ್ಲಿ ಅವಳನ್ನು ಶಿಶುವಿಹಾರಕ್ಕೆ ಸೇರಿಸುವಾಗ ತಾನು ಅಲ್ಲಿರಬೇಕು, ಅಷ್ಟೇ ತುಕ್ತಾಗೆ ಬೇಕಾಗಿದ್ದದ್ದು. ನಾಲ್ಕು ವರ್ಷ ತುಂಬುವವರೆಗೆ ವರ್ಗಾವಣೆ ಕೇಳುವ ಹಾಗಿರಲಿಲ್ಲ. ಈಗ ತುಂಬಿತ್ತು.

“ಪಾ, ಕೀಲಿಮಣೆ ಥಾಯ್ ಭಾಷೆಗೆ ಹೋಗಿದ್ಯೇನೋ ನೋಡಿ,” ಎಂದಳು ತುಕ್ತಾ. ದೊಡ್ಡಮ್ಮನ ವಯಸ್ಸಿನ ಹೆಂಗಸನ್ನು ಪಾ ಎಂದು ಕರೆಯುವುದು ವಾಡಿಕೆ. ಐವತ್ತೇಳು ದಾಟಿದ ಚರುನೀ ಇಡೀ ದ್ವೀಪಕ್ಕೇ ಪಾ.

“ನೋಡ್ದೆ.”

“ದೊಡ್ಡಕ್ಷರದ ಕೀಲಿ ಒತ್ತಿ ಹೋಗಿದ್ರೆ?”

“ಅದೂ ನೋಡ್ದೆ ಕಣೇ. ನಂಗೇನು ಕಣ್ಣಿಲ್ವಾ? ಹೋಗಿ ಪಾಠ ಮಾಡು ಹೋಗು. ಬೆನ್ನ ಮೇಲೆ ಉಸಿರು ಬಿಡ್ತಾ ನಿಂತ್ರೆ ಕೈ ನಡುಗುತ್ತೆ.”

ಬುಧವಾರವೆಂದರೆ ಸ್ಕೌಟಿನ ದಿನ. ಗುಮಾಸ್ತೆಯಾದರೂ ಚರುನೀಗೆ ಬಿಡುಗಡೆ ಇರಲಿಲ್ಲ. ಶಾಲೆಯ ಗೇಟಿನೊಳಗೆ ಕಾಲಿಟ್ಟವರೆಲ್ಲ ಅವತ್ತು ಸ್ಕೌಟು ಸಮವಸ್ತ್ರದಲ್ಲೇ ಇರಬೇಕೆಂದು ಹೆಡ್‌ಮಾಸ್ಟರರ ಹಟ. ಐದು ವರ್ಷದ ಹಿಂದೆ ಹೊಲಿಸಿದ ಅಂಗಿ ಈಗ ಹೊಟ್ಟೆಯ ಹತ್ತಿರ ಬಿಗಿ. ಕೊರಳಿಗೆ ಕಟ್ಟಿದ ಸ್ಕಾರ್ಫು ಬೆವರಿಗೆ ಅಂಟಿಕೊಂಡು ತುರಿಕೆ. ಮೇಲಿನ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಇಷ್ಟೆಲ್ಲದರ ನಡುವೆ ಆ ಚೌಕ.

ಈ ಕಾಟ ಸೋಮವಾರದಿಂದಲೇ ಶುರುವಾಗಿತ್ತು. ಹಿಂದಿನ ಎರಡು ದಿನ ದ್ವೀಪಕ್ಕೆ ಕರೆಂಟೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಕಂಪ್ಯೂಟರು ಏಳುವುದಕ್ಕೇ ಗೋಳಾಡಿ, ಏನೇನೋ ಕೇಳಿ, ಏನೇನೋ ಒತ್ತಿಸಿಕೊಂಡು ಎದ್ದಿತ್ತು. ಮಧ್ಯಾಹ್ನ ತುಕ್ತಾ ಬಂದು ತನ್ನ ಪೆನ್ ಡ್ರೈವ್ ಸಿಕ್ಕಿಸಿ ಅರ್ಜಿಯನ್ನು ಟೈಪು ಮಾಡಿಕೊಂಡು ಹೋಗಿದ್ದಳು. ಅವಳು ಎದ್ದು ಹೋದ ಮೇಲೆ ಚರುನೀ ಇ-ಮೇಲ್ ತೆರೆದರೆ ಪಾಸ್‌ವರ್ಡಿನ ಚೌಕ. ಆಗ ಅವಳು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್‌ಮಾಸ್ಟರರು ನೀರಿನಾಚೆ ಸಭೆಗೆ ಹೋಗಿದ್ದರು, ಅವರು ಬಂದು ರುಜು ಹಾಕುವವರೆಗೆ ಕಳಿಸುವುದೇನೂ ಇರಲಿಲ್ಲ. ಮಂಗಳವಾರ ಮಕ್ಕಳ ಓಟದ ಪಂದ್ಯ. ಯಂತ್ರಗಳಿಗೂ ಜ್ವರ ಬರುತ್ತದೆ, ತಾನಾಗಿ ಇಳಿಯುತ್ತದೆ ಎಂಬುದು ಚರುನೀಯ ಸಿದ್ಧಾಂತ.

ಈ ಜ್ವರ ಇಳಿಯಲಿಲ್ಲ. ಒಂಬತ್ತೂವರೆಗೆ ಅವಳು ಶಿಕ್ಷಣ ಕಚೇರಿಯ ಕಂಪ್ಯೂಟರು ವಿಭಾಗಕ್ಕೆ ಫೋನು ಹಚ್ಚಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ದುಸಿತ್ ಎಂಬವನು ಬಾಯಲ್ಲಿ ಏನೋ ಅಗಿಯುತ್ತ ಮಾತಿಗೆ ಸಿಕ್ಕ. ನಲವತ್ತರ ಆಸುಪಾಸಿನ ದನಿ, ಯಾವುದಕ್ಕೂ ಅವಸರವಿಲ್ಲದ ದನಿ.

“ಅಕ್ಕಾ, ಪಾಸ್‌ವರ್ಡ್ ಸರಿಯಾಗಿ ಹೊಡೀತಿದ್ದೀರಾ?”

“ಹನ್ನೊಂದು ವರ್ಷದಿಂದ ಹೊಡೀತಿದ್ದೀನಿ.”

“ಕೋಪ ಮಾಡ್ಕೋಬೇಡಿ. ಏನು ಅಂತ ಹೇಳಿ, ನಾನು ಇಲ್ಲಿಂದ ಒಂದ್ಸಲ ಹಾಕಿ ನೋಡ್ತೀನಿ.”

ಚರುನೀ ಆಚೀಚೆ ನೋಡಿದಳು. ಪಕ್ಕದ ಮೇಜಿನಲ್ಲಿ ಹೆಡ್‌ಮಾಸ್ಟರ್ ಥವೀಸಕ್ ಐಸ್ ಹಾಕಿದ ಕೆಂಪು ಚಹಾ ಹೀರುತ್ತಿದ್ದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು.

“ಏನು? ಕೇಳಿಸ್ಲಿಲ್ಲ.”

“ತೆಂಗಿನಹಾಲಲ್ಲಿ ಬೇಯಿಸಿದ ಬಾಳೆಹಣ್ಣು ಕಣಯ್ಯಾ! ಥಾಯ್ ಅಕ್ಷರ ನೋಡ್ಕೊಂಡು, ಇಂಗ್ಲಿಷಲ್ಲಿ ಹೊಡೆಯೋದು!”

ದೇಶದ ಅರ್ಧ ಜನ ಹೀಗೇ ಮಾಡುತ್ತಾರೆ. ಕೀಲಿಯ ಮೇಲಿನ ಥಾಯ್ ಅಕ್ಷರ ನೋಡಿ ಥಾಯ್ ಮಾತನ್ನು ಹೊಡೆದರೆ ಪರದೆಯಲ್ಲಿ ಇಂಗ್ಲಿಷಿನ ಕಸ ಬೀಳುತ್ತದೆ, ಆ ಕಸವನ್ನು ಯಾವ ಕಳ್ಳನೂ ಊಹಿಸಲಾರ. ಚರುನೀಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ಹೆಡ್‌ಮಾಸ್ಟರರು ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದರು.

“ಹನ್ನೊಂದು ವರ್ಷ ಶಾಲೆಯ ಗುಟ್ಟೆಲ್ಲ ಬಾಳೆಹಣ್ಣಿನೊಳಗೆ ಇತ್ತಾ, ಪಾ?”

“ನಗಿ ಸರ್, ನಗಿ. ನಿಮಗೇನು.”

ಅತ್ತ ದುಸಿತ್ ಹೇಳಿದ, “ಇಲ್ಲಿ ಸಲೀಸಾಗಿ ತೆಗೀತು ಅಕ್ಕಾ. ಪಾಸ್‌ವರ್ಡ್ ಸರಿಯಾಗೇ ಇದೆ.”

“ತೆಗೀತಾ? ಹಾಗಾದ್ರೆ ಪುಣ್ಯ ಕಟ್ಕೋ ತಮ್ಮಾ. ಏಳು ಹಾಳೆ ಫೋನಲ್ಲಿ ಫೋಟೋ ತೆಗೆದು ಕಳಿಸ್ತೀನಿ, ನೀನೇ ಅಲ್ಲಿಂದ ಕಳಿಸಿಬಿಡು.”

“ಶಾಲೆಯ ಪತ್ರ ನಾನು ಕಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮ ಶಾಲೆಯ ಹೆಸರಲ್ಲಿ ನೋಂದಾಯಿಸಿದ ಯಂತ್ರ ಒಂದೇ, ಅದರಿಂದಲೇ ಬರಬೇಕು. ಮೊಬೈಲೂ ಆಗಲ್ಲ, ಬೇರೆ ಕಂಪ್ಯೂಟರೂ ಆಗಲ್ಲ.”

“ಆ ಯಂತ್ರಾನೇ ಹಟ ಹಿಡಿದು ಕೂತಿದೆ ಅಂತ ತಾನೇ ನಿಂಗೆ ಫೋನ್ ಮಾಡಿದ್ದು!”

“ನೋಡೋಣ, ನೋಡೋಣ. ದಿನಾಂಕ ಕೆಟ್ಟಿದ್ರೂ ಕೆಲವು ಸಲ ಹೀಗಾಗುತ್ತೆ. ಪರದೆಯ ಮೂಲೇಲಿ ಏನು ತೋರಿಸ್ತಿದೆ?”

“ಮೂವತ್ತೊಂದು, ಒಂದು, ಅರವತ್ತೇಳು.”

“ಹಾಂ, ಸರಿಯಾಗಿದೆ. ಬೇರೆ ಏನಾದ್ರೂ ಎಚ್ಚರಿಕೆ ಬಂತಾ?”

“ಇಲ್ಲ.”

ಬಂದಿತ್ತು. ಸೋಮವಾರ ಉದ್ದನೆಯ ಇಂಗ್ಲಿಷಿನಲ್ಲಿ ಒಂದು ಬಂದಿತ್ತು. ‘ಇನ್ನು ಮುಂದೆ ತೋರಿಸಬೇಡ’ ಎಂಬಲ್ಲಿ ಗುರುತು ಹಾಕಿ ಚರುನೀ ಅದನ್ನು ಸಾಗಹಾಕಿದ್ದಳು, ಇಂಥವನ್ನೆಲ್ಲ ಹನ್ನೊಂದು ವರ್ಷದಿಂದ ಸಾಗಹಾಕುತ್ತ ಬಂದ ಹಾಗೆಯೇ. ಹಾಗಾಗಿ ಇಲ್ಲ ಎಂದಾಗ ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ನೆನಪೇ ಇರಲಿಲ್ಲ.

ಆಮೇಲೆ ದುಸಿತ್ ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಯಂತ್ರ ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡುಗಳನ್ನೆಲ್ಲ ಹುಡುಕಿ ಅಳಿಸಿದಳು. ಕಂಪ್ಯೂಟರನ್ನು ಆರಿಸಿ, ನೂರರವರೆಗೆ ಎಣಿಸಿ, ಹೊತ್ತಿಸಿದಳು. ಇಂಟರ್ನೆಟ್ಟಿನ ಪೆಟ್ಟಿಗೆಯ ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಪ್ರತಿ ಸಲವೂ ಚೌಕ ಬಂತು. ಕೊನೆಗೆ ದುಸಿತ್ ಅಲ್ಲಿಂದಲೇ ಹೊಸ ಪಾಸ್‌ವರ್ಡ್ ಮಾಡಿಕೊಟ್ಟ, ಎಂಟು ಅಕ್ಷರದ ಅರ್ಥವಿಲ್ಲದ್ದು. ಬಾಳೆಹಣ್ಣಿನ ಮರ್ಯಾದೆ ಹೋದದ್ದೇ ಬಂತು. ಹೊಸದನ್ನು ಹಾಕಿದರೆ ಚೌಕ ಮತ್ತೆ ಬಂದು ನಿಂತಿತು. ಸಿಟ್ಟಿಗೆ ಅದನ್ನೇ ಹತ್ತು ಸಲ ಹೊಡೆದಳು. ಹತ್ತನೆಯದಕ್ಕೆ ಚೌಕವೂ ಹೋಯಿತು, ಬದಲಿಗೆ ಕೆಂಪು ಅಕ್ಷರ: ಅತಿಯಾಗಿ ತಪ್ಪಿದ್ದೀರಿ, ಒಂದು ಗಂಟೆ ಕಾಯಿರಿ.

“ತಪ್ಪಿದ್ದು ನಾನಂತೆ!” ಎಂದು ಚರುನೀ ಮೇಜು ಗುದ್ದಿದಳು. ಮೊಹರಿನ ಡಬ್ಬಿ ಹಾರಿ ಕೆಳಗೆ ಬಿತ್ತು.

ಆ ಒಂದು ಗಂಟೆ ಕಳೆಯುವಷ್ಟರಲ್ಲಿ ಹನ್ನೆರಡಾಯಿತು. ಹನ್ನೆರಡರಿಂದ ಒಂದರವರೆಗೆ ಕಚೇರಿಯವರ ಊಟ, ಫೋನು ಎತ್ತುವವರಿಲ್ಲ. ಅಡುಗೆಮನೆಯಿಂದ ಮೀನುಸಾರು ಹಾಕಿದ ಅಕ್ಕಿಶಾವಿಗೆ ಬಂತು, ಎರಡು ತಟ್ಟೆ. ತುಕ್ತಾ ತನ್ನದನ್ನು ಮುಟ್ಟಲಿಲ್ಲ.

“ಪಾ, ಎರಡು ಗಂಟೆಯ ದೋಣಿಗೆ ನಾನೇ ಕಾಗದ ಹಿಡ್ಕೊಂಡು ಹೋಗಿಬಿಡ್ಲಾ? ಮೂರೂಮುಕ್ಕಾಲಿಗೆ ಕಚೇರಿ ಮುಟ್ಟಬಹುದು.”

“ತಡಿ, ಕೇಳ್ತೀನಿ.”

ಒಂದು ಗಂಟೆಗೆ ಕೇಳಿದಳು. ಕಾಗದ ತೆಗೆದುಕೊಳ್ಳುವುದಿಲ್ಲ, ಈ ವರ್ಷದಿಂದ ಇ-ಮೇಲ್ ಮಾತ್ರ ಎಂದಿತು ವರ್ಗಾವಣೆ ವಿಭಾಗದ ಹೆಂಗಸಿನ ದನಿ. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳಿತು. ಕಾಗದ ಉಳಿಸಲು ಹೊರಟವರು ಮನುಷ್ಯರನ್ನು ಉಳಿಸಲಿಲ್ಲವಲ್ಲ ಎಂದು ಚರುನೀಗೆ ಹೊಟ್ಟೆ ಉರಿಯಿತು. ಎರಡು ಗಂಟೆಗೆ ದೋಣಿಕಾರ ಬಾಂಗ್ ಹೇಮ್‌ನ ದೋಣಿಯ ಇಂಜಿನ್ನು ಹೊಡೆದುಕೊಂಡು ದೂರವಾದದ್ದು ಆಫೀಸಿನೊಳಗೆ ಕೇಳಿಸಿತು. ಅದೇ ಕೊನೆಯ ದೋಣಿ.

ದುಸಿತ್ ಮತ್ತೆ ಫೋನಿಗೆ ಸಿಕ್ಕಿದ್ದು ಎರಡೂವರೆಗೆ. ಅವನ ದನಿಯಲ್ಲೂ ಈಗ ಬೇಸರ.

“ಅಕ್ಕಾ, ಇಲ್ಲಿ ಎಲ್ಲ ಸರಿ ಇದೆ. ಪಾಸ್‌ವರ್ಡ್ ಸರಿ, ನಿಮ್ಮ ಖಾತೆ ಸರಿ. ತೊಂದರೆ ಇರೋದು ನಿಮ್ಮ ಯಂತ್ರದಲ್ಲೇ. ಅದರಲ್ಲಿ ಯಾರೋ ಏನೋ ಮಾಡಿದ್ದಾರೆ. ಇತ್ತೀಚೆಗೆ ಬೇರೆ ಯಾರಾದ್ರೂ ಮುಟ್ಟಿದ್ರಾ?”

ಅಷ್ಟು ಸಾಕಾಯಿತು. ಫೋನು ಇಟ್ಟು ಚರುನೀ ಕುರ್ಚಿಯನ್ನೇ ತಿರುಗಿಸಿದಳು. ಮೂರನೆಯ ತರಗತಿಯ ಮಕ್ಕಳನ್ನು ಸ್ಕೌಟಿಗೆ ಅಂಗಳಕ್ಕೆ ಬಿಟ್ಟು ತುಕ್ತಾ ಆಗ ತಾನೇ ಒಳಗೆ ಬಂದಿದ್ದಳು.

“ಸೋಮವಾರ ಏನು ಮಾಡ್ದೆ ನನ್ನ ಕಂಪ್ಯೂಟರಿಗೆ?”

“ಏನೂ ಮಾಡಿಲ್ಲ ಪಾ. ಅರ್ಜಿ ಟೈಪ್ ಮಾಡ್ಕೊಂಡೆ, ಅಷ್ಟೇ.”

“ಅಷ್ಟೇ! ಎಲ್ಲೆಲ್ಲಿ ಸಿಕ್ಕಿಸಿದ ಪೆನ್ ಡ್ರೈವೋ ಏನೋ, ಏನೇನು ರೋಗ ತಂದು ಹಚ್ಚಿದ್ಯೋ! ಅವತ್ತಿಂದಲೇ ಶುರುವಾಗಿದ್ದು ಇದು. ಹನ್ನೊಂದು ವರ್ಷ ಒಂದು ದಿನ ಕಾಡಿಸಿರಲಿಲ್ಲ.”

“ನನ್ನ ಪೆನ್ ಡ್ರೈವ್ ಹೊಸದು ಪಾ...”

“ಬಾಯಿ ಮುಚ್ಚು. ನೀನೇ ಕೆಡಿಸಿ, ನೀನೇ ಬಂದು ಬೆಳಿಗ್ಗೆಯಿಂದ ನನ್ನ ಜೀವ ಹಿಂಡ್ತಿದ್ದೀಯ. ನಿನ್ನ ಪಾಠ ಬಿಟ್ಟು, ನನ್ನ ಕೆಲಸ ಬಿಡಿಸಿ. ಹೋಗದಿದ್ರೆ ಹೋಗಲಿಲ್ಲ. ಪ್ರಪಂಚ ಮುಳುಗುತ್ತಾ?”

ತುಕ್ತಾಳ ಕಣ್ಣು ತುಂಬಿತು. “ಪಾ, ಹಾಗನ್ನಬೇಡಿ. ಇನ್ನೊಂದು ವರ್ಷ ಆದ್ರೆ ನಿಂಗ್ ನನ್ನ ಹತ್ರ ಬರೋದೇ ಇಲ್ಲ. ಈಗ್ಲೇ ನನ್ನ ಗುರುತು ಹಿಡಿಯಲ್ಲ ಅವಳು.”

ಆಗ ಚರುನೀಯ ನಾಲಿಗೆ ಹಿಡಿತ ತಪ್ಪಿತು. “ಮಗು ಅಷ್ಟೊಂದು ಬೇಕಾಗಿದ್ರೆ ಬಿಟ್ಟು ಯಾಕೆ ಬಂದೆ?”

ಹೆಡ್‌ಮಾಸ್ಟರರು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು. ಹೊರಗೆ ಸ್ಕೌಟು ಮಕ್ಕಳು ಸೀಟಿ ಊದುತ್ತಿದ್ದರು. ತುಕ್ತಾ ಕೈಯಲ್ಲಿದ್ದ ಏಳು ಹಾಳೆಯನ್ನು ಮೇಜಿನ ತುದಿಗೆ ಜೋಡಿಸಿ ಇಟ್ಟಳು, ಅದರ ಮೇಲೆ ಗಾಳಿಗೆ ಹಾರದಂತೆ ಮೊಹರಿನ ಡಬ್ಬಿ ಇಟ್ಟಳು, ಹೊರಟುಹೋದಳು.

ಅಂದ ಮಾತು ಅಂದಾಗಿತ್ತು. ಚರುನೀಗೆ ಕೂಡಲೇ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವಳ ಪೆನ್ ಡ್ರೈವೇ ಕಾರಣವೆಂದು ಹೇಗಾದರೂ ತೋರಿಸಿಬಿಟ್ಟರೆ ಅಂದ ಮಾತಿನ ಭಾರ ಅರ್ಧ ಇಳಿದೀತು ಎನಿಸಿತು. ರೋಗ ಹುಡುಕುವ ತಂತ್ರಾಂಶ ಓಡಿಸಿದಳು. ಅದು ಮುಕ್ಕಾಲು ಗಂಟೆ ಯಂತ್ರವನ್ನೆಲ್ಲ ಕೆದಕಿ, ಏನೂ ಇಲ್ಲ ಎಂದಿತು. ಮತ್ತೆ ಚೌಕ, ಮತ್ತೆ ಎಂಟು ಅಕ್ಷರ, ಮತ್ತೆ ಚೌಕ. ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಎತ್ತಿ ಕಿಟಕಿಯಿಂದಾಚೆ ಸಮುದ್ರಕ್ಕೆ ಎಸೆಯೋಣವೆಂದರೆ ಅದು ಸರಕಾರದ ಆಸ್ತಿ, ಹಿಂಬದಿಯಲ್ಲಿ ನಂಬರು ಬರೆದಿದೆ.

ಇನ್ನೆಷ್ಟು ನಿಮಿಷ ಉಳಿದಿದೆ ಎಂದು ನೋಡಲು ಮೌಸನ್ನು ಪರದೆಯ ಕೆಳಮೂಲೆಗೆ ಸರಿಸಿದಳು. ನಾಲ್ಕು ಗಂಟೆ ನಾಲ್ಕು ನಿಮಿಷ. ಬಾಣದ ಗುರುತು ಗಡಿಯಾರದ ಮೇಲೆಯೇ ನಿಂತದ್ದಕ್ಕೆ ಅದರ ಪಕ್ಕ ಸಣ್ಣದೊಂದು ಪಟ್ಟಿ ಮೂಡಿತು. ಅದರಲ್ಲಿ ವಾರದ ಹೆಸರಿತ್ತು. ಸೋಮವಾರ.

“ಸೋಮವಾರ ಯಾಕಾಗುತ್ತೆ?” ಎಂದು ಚರುನೀ ಗಟ್ಟಿಯಾಗಿಯೇ ಕೇಳಿದಳು. “ಸ್ಕೌಟ್ ಬಟ್ಟೆ ಹಾಕ್ಕೊಂಡು ಕೂತಿದ್ದೀನಲ್ಲ!”

ಕೊರಳಿನ ಸ್ಕಾರ್ಫು ಮುಟ್ಟಿ ನೋಡಿಕೊಂಡಳು. ಅನುಮಾನವೇ ಇಲ್ಲ, ಬುಧವಾರ. ಸೋಮವಾರವಾಗಿದ್ದರೆ ಸರಕಾರಿ ಖಾಕಿಯಲ್ಲಿ ಇರುತ್ತಿದ್ದಳು. ಗಡಿಯಾರದ ಮೇಲೆ ಒತ್ತಿದಳು. ಇಡೀ ತಿಂಗಳಿನ ಕ್ಯಾಲೆಂಡರು ತೆರೆದುಕೊಂಡಿತು. ಮೂವತ್ತೊಂದನೆಯ ತಾರೀಖು ಸೋಮವಾರದ ಸಾಲಿನಲ್ಲಿ ಕೂತಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ಇಸವಿ ಪೂರ್ತಿಯಾಗಿ ಬರೆದಿತ್ತು: 2067.

ಐನೂರು ಎಲ್ಲಿ ಹೋಯಿತು ಎಂದು ಅವಳು ಒಂದು ಗಳಿಗೆ ಹುಡುಕಿದಳು. ಆಮೇಲೆ ಹೊಳೆಯಿತು. ಬುದ್ಧನ ಇಸವಿ ಈ ಯಂತ್ರಕ್ಕೆ ಗೊತ್ತಿಲ್ಲ. ಇದು ಪಾಶ್ಚಾತ್ಯರ ಲೆಕ್ಕದಲ್ಲಿ ಉಸಿರಾಡುತ್ತದೆ, ಆ ಲೆಕ್ಕದಲ್ಲಿ ಈ ವರ್ಷ ಎರಡು ಸಾವಿರದ ಇಪ್ಪತ್ತನಾಲ್ಕು. ಅರವತ್ತೇಳು ಎಂದು ಕೊಟ್ಟರೆ ಅದು ನಲವತ್ತಮೂರು ವರ್ಷ ಮುಂದೆ ಹೋಗಿ ಕುಳಿತಿದೆ. ಮೂರು ದಿನದಿಂದ ಇದು ಸತ್ತುಹೋಗುವ ವಯಸ್ಸಿನ ಚರುನೀಯ ಹೆಸರಲ್ಲಿ ಬಾಗಿಲು ತಟ್ಟುತ್ತಿದೆ. ಅಲ್ಲಿಯವರು ಯಾವ ಧೈರ್ಯದ ಮೇಲೆ ತೆಗೆದಾರು? ಮೂಲೆಯಲ್ಲಿ ಮಾತ್ರ ಎಲ್ಲ ಸರಿಯಾಗಿ 31/01/67 ಎಂದೇ ತೋರುತ್ತಿತ್ತು. ಇವಳೂ ಓದಿದಳು, ದುಸಿತ್ತೂ ಸರಿ ಎಂದ. ಅರ್ಜಿಯ ಏಳು ಹಾಳೆಯ ಮೇಲೂ ಅದೇ ಇತ್ತು.

ಆ ಅರವತ್ತೇಳನ್ನು ಕೊಟ್ಟವರು ಯಾರು ಎಂದು ಕೇಳಿಕೊಳ್ಳುವ ಮೊದಲೇ ಉತ್ತರ ಕಣ್ಣ ಮುಂದೆ ಬಂತು. ಸೋಮವಾರ ಬೆಳಿಗ್ಗೆ, ಏಳೂಮುಕ್ಕಾಲು. ಕಪ್ಪು ಪರದೆ, ಬಿಳಿ ಅಕ್ಷರ. ದಿನ, ತಿಂಗಳು, ವರ್ಷ ಕೊಡಿ ಎಂದು ಕೇಳಿತ್ತು. ವರ್ಷಕ್ಕೆ ಎರಡೇ ಅಂಕಿಯ ಜಾಗ. ದಿನಕ್ಕೆ ಐವತ್ತು ಕಾಗದದ ಮೇಲೆ ಬರೆಯುವ ಕೈ, ಯೋಚನೆಯೇ ಮಾಡದೆ ಬರೆದಿತ್ತು: 29, 01, 67. ತುಕ್ತಾ ಆಗಿನ್ನೂ ಶಾಲೆಗೆ ಬಂದೇ ಇರಲಿಲ್ಲ.

ಅಳುವುದಕ್ಕೆ ಹೊತ್ತಿರಲಿಲ್ಲ. ಬೆವರಿದ ಬೆರಳಲ್ಲಿ ಇಸವಿಯನ್ನು 2024 ಮಾಡಿದಳು. ಚೌಕ ಕೊನೆಯ ಸಲ ಕೇಳಿತು. ಎಂಟು ಅಕ್ಷರ ಹೊಡೆದಳು. ಚೌಕ ಹೋಯಿತು, ಬರಲಿಲ್ಲ. ಉಸಿರು ಬಿಗಿಹಿಡಿದು ಕಾದಳು, ಆಗಲೂ ಬರಲಿಲ್ಲ. ಮೂರು ದಿನದ ಅಂಚೆ ಒಂದರ ಮೇಲೊಂದು ಇಳಿಯತೊಡಗಿತು, ಸೊಳ್ಳೆ ಔಷಧದ ಸುತ್ತೋಲೆ, ಹಾಲಿನ ಪೊಟ್ಟಣದ ಸುತ್ತೋಲೆ, ಸುತ್ತೋಲೆಗಳ ಬಗ್ಗೆ ಒಂದು ಸುತ್ತೋಲೆ.

“ತುಕ್ತಾ!” ಎಂದು ಅವಳು ಕೂಗಿದ್ದು ಧ್ವಜಸ್ತಂಭದವರೆಗೆ ಕೇಳಿಸಿತು. “ಬಾರೇ! ತೆಗೀತು! ಓಡಿ ಬಾ!”

ತುಕ್ತಾ ಓಡಿ ಬಂದಳು. ಏಳು ಹಾಳೆಯನ್ನು ಸ್ಕ್ಯಾನರಿಗೆ ಒಂದೊಂದಾಗಿ ಇಟ್ಟವಳು ಅವಳು, ಗುಂಡಿ ಒತ್ತಿದವಳು ಚರುನೀ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ನಾಲ್ಕು ಹದಿನೇಳಕ್ಕೆ ‘ಕಳಿಸು’ ಒತ್ತಿದರು. ದ್ವೀಪದ ಇಂಟರ್ನೆಟ್ಟು ಬಸುರಿ ಆಮೆಯ ಹಾಗೆ ಹೊರಟಿತು. ಹಸಿರು ಗೆರೆ ಅರ್ಧಕ್ಕೆ ಬಂದು ನಿಂತಿತು, ತುಕ್ತಾಳ ಕೈ ಚರುನೀಯ ಕುರ್ಚಿಯ ಬೆನ್ನನ್ನು ಹಿಡಿದಿತ್ತು. ಗೆರೆ ಮತ್ತೆ ಹರಿಯಿತು. ನಾಲ್ಕು ಇಪ್ಪತ್ತಮೂರಕ್ಕೆ ಹೋಯಿತು. ಇಪ್ಪತ್ತಾರಕ್ಕೆ ಆಚೆಯಿಂದ ಉತ್ತರ ಬಂತು: ಅರ್ಜಿ ತಲುಪಿದೆ, ಸ್ವೀಕೃತಿ ಸಂಖ್ಯೆ ಇಷ್ಟು.

ತುಕ್ತಾ ಆ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಹೆಡ್‌ಮಾಸ್ಟರರು ಎದ್ದು ಬಂದು ಇಣುಕಿದರು. “ಭೇಷ್, ಪಾ! ಕೊನೆಗೂ ಏನಾಗಿತ್ತು? ಪೆನ್ ಡ್ರೈವಿನ ರೋಗಾನಾ?”

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅರ್ಜಿ ಹೋದ ಸಂತೋಷದಲ್ಲಿ ತುಕ್ತಾಳೂ ತನ್ನ ಪೆನ್ ಡ್ರೈವೇ ಇರಬಹುದು ಎಂದುಕೊಳ್ಳುತ್ತಿದ್ದಳು. ಆ ಹೂಂ ಚರುನೀಯ ಬಾಯಿಯವರೆಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದು ಬೇಡ.

“ಅಲ್ಲ ಸರ್,” ಎಂದಳು. “ನಾನೇ ಮಾಡಿದ್ದು. ಸೋಮವಾರ ಬೆಳಿಗ್ಗೆ ಅದು ಇಸವಿ ಕೇಳ್ತು, ನಾನು ಅರವತ್ತೇಳು ಅಂತ ಹಾಕ್ದೆ. ಅದು ಎರಡು ಸಾವಿರದ ಅರವತ್ತೇಳು ಅಂದ್ಕೊಂಡಿತು. ಇವಳು ಏನೂ ಮಾಡಿಲ್ಲ.”

ಹೆಡ್‌ಮಾಸ್ಟರರಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆದ ಮೇಲೆ ಬಗ್ಗಿ ಬಗ್ಗಿ ನಕ್ಕರು. “ಅಯ್ಯೋ ಪಾ, ಅದರ ಲೆಕ್ಕದಲ್ಲಿ ನಿಮಗೆ ಈಗ ನೂರು ವರ್ಷ! ಪಿಂಚಣಿ ತಗೊಂಡು ನಲವತ್ತು ವರ್ಷ ಆಗಿರಬೇಕಿತ್ತು!” ಎಂದು, ಇದನ್ನು ಅಡುಗೆಮನೆಯವರಿಗೆ ಹೇಳದೆ ತಡೆಯಲಾರದೆ ಹೊರಟೇಹೋದರು.

ತುಕ್ತಾ ನಗಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಸ್ಕ್ಯಾನರಿನ ಹಾಳೆಗಳನ್ನು ಜೋಡಿಸುತ್ತಿದ್ದಳು. ಚರುನೀ ಕುರ್ಚಿಯಿಂದ ಇಳಿದು ಅವಳ ಎದುರಿಗೆ ಮೊಣಕಾಲೂರಿದಳು. ಬಿಗಿ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಎರಡೂ ಕೈ ಜೋಡಿಸಿ, ಎದೆಯ ಹತ್ತಿರ ತಂದು, ತಲೆ ತಗ್ಗಿಸಹೊರಟಳು.

ಹಿರಿಯರು ಕಿರಿಯರಿಗೆ ಮೊದಲು ಕೈ ಮುಗಿಯುವುದಿಲ್ಲ. ಮುಗಿದರೆ ಕಿರಿಯರ ಆಯುಷ್ಯ ಸವೆಯುತ್ತದೆ. ತುಕ್ತಾ ಹಾಳೆಗಳನ್ನು ಬಿಸಾಡಿ, ಚರುನೀಯ ಕೈಗಳನ್ನು ಗಬಕ್ಕನೆ ಹಿಡಿದು ಕೆಳಕ್ಕೆ ಒತ್ತಿದಳು.

“ಅಯ್ಯೋ ಪಾ! ಬೇಡ, ಬೇಡ! ನಾನು ಬೇಗ ಸಾಯಬೇಕಾ? ಮಗು ಇದೆ ನಂಗೆ!”

“ಮತ್ತೆ ನಾನೇನು ಮಾಡ್ಲಿ ಹೇಳು? ಬರೀ ಬಾಯಲ್ಲಿ ತಪ್ಪಾಯ್ತು ಅಂದ್ರೆ ಆಗುತ್ತಾ?”

“ಇಸವಿಗೆ ಯಾರು ಬೇಕಾದ್ರೂ ಅರವತ್ತೇಳೇ ಹಾಕ್ತಿದ್ರು. ನಾನೂ ಹಾಕ್ತಿದ್ದೆ.”

“ಇಸವಿ ಅಲ್ಲ ಕಣೇ. ಆ ಮಾತು.”

ತುಕ್ತಾ ಕೈ ಬಿಡಲಿಲ್ಲ, ಬಿಟ್ಟರೆ ಎಲ್ಲಿ ಮತ್ತೆ ಜೋಡಿಸುತ್ತಾರೋ ಎಂಬಂತೆ ಗಟ್ಟಿಯಾಗಿ ಹಿಡಿದಿದ್ದಳು.

“ಆ ಮಾತು ನಾಲ್ಕು ವರ್ಷದಿಂದ ದಿನಾ ನನಗೆ ನಾನೇ ಹೇಳ್ಕೊಳ್ತೀನಿ ಪಾ,” ಎಂದಳು. “ಬೇರೆಯವರ ಬಾಯಲ್ಲಿ ಕೇಳಿದ್ದು ಇವತ್ತೇ ಮೊದಲು. ಕೇಳಿದ್ರೆ ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ. ಸಾಯಲಿಲ್ಲ. ಹೋಗಿ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಸೀಟಿ ಊದಿದೆ.”

ಚರುನೀ ಕೈ ಮುಗಿಯಲು ಬಿಡಲೊಲ್ಲದ ಆ ಹುಡುಗಿಯ ಕೈಯೊಳಗೆ ತನ್ನ ಕೈಗಳನ್ನು ಹಾಗೇ ಬಿಟ್ಟು ನೆಲದ ಮೇಲೆ ಕೂತಳು. ಅಳಬೇಕಾದವಳು ತಾನಲ್ಲ ಎಂದು ಗೊತ್ತಿತ್ತು. ಆದರೂ ಮೊದಲು ಅತ್ತವಳು ಅವಳೇ.